ಭದ್ರತಾ ಸಮುದಾಯ: ‘ನಾವು’ ಎಂಬ ಭಾವ ಎಲ್ಲಿಂದ ಬರುತ್ತದೆ?

ಪ್ರಶ್ನೆ:
ಸದಸ್ಯ ದೇಶಗಳು ಎಷ್ಟೇ ಜಗಳವಾಡಿದರೂ ಯುದ್ಧದ ಯೋಚನೆಯನ್ನೇ ಮಾಡದಿದ್ದರೆ ಅದು ಭದ್ರತಾ ಸಮುದಾಯ ಎಂದು ರಾಜ್ಯಶಾಸ್ತ್ರಜ್ಞ ಕಾರ್ಲ್ ಡಾಯ್ಚ್ ಮತ್ತವರ ಸಂಗಡಿಗರು 1957ರಲ್ಲಿ ವಾದಿಸಿದರು. ‘ನಾವು’ ಎಂಬ ಭಾವ ಅದರ ಬುಡ ಅನ್ನುತ್ತಾರೆ. ಹಾಗಿದ್ದರೆ 1990ರಲ್ಲಿ ಇರಾಕ್ ಕುವೈತ್ ಮೇಲೆ ಏರಿ ಹೋದದ್ದು ಹೇಗೆ? ಎರಡೂ ದೇಶಗಳ ಭಾಷೆ, ಧರ್ಮ ಒಂದೇ ಅಲ್ಲವೇ?

ಉತ್ತರ 1:
ದಾಯಾದಿ ಮತ್ಸರಕ್ಕೂ ರಕ್ತಸಂಬಂಧವೇ ಬೇಕು! ಭಾಷೆ, ಧರ್ಮ ಹತ್ತಿರವಿದ್ದರೆ ಮಾತು ಸಲೀಸಾಗುತ್ತದೆ, ಅಷ್ಟೇ. ನಾರ್ವೆ–ಸ್ವೀಡನ್ ನೋಡಿ. ಭಾಷೆ ಪರಸ್ಪರ ಅರ್ಥವಾಗುತ್ತದೆ, ಇಬ್ಬರೂ ಲೂಥರನ್ನರು, ಆಗ ರಾಜನೂ ಒಬ್ಬನೇ. ಆದರೂ 1905ರಲ್ಲಿ ಒಕ್ಕೂಟ ಮುರಿದಾಗ ಎರಡೂ ಕಡೆ ಸೈನ್ಯ ಜಮಾಯಿಸಿತ್ತು. ಯುದ್ಧ ತಪ್ಪಿಸಿದ್ದು ಕಾರ್ಲ್‌ಸ್ಟಾಡ್ ಒಪ್ಪಂದ: ಗಡಿಯ ದಕ್ಷಿಣ ಭಾಗದಲ್ಲಿ ಸೇನೆಯಿಲ್ಲದ ಪಟ್ಟಿ, ನಾರ್ವೆಯ ಗಡಿಕೋಟೆಗಳ ತೆರವು, ಮುಂದಿನ ವ್ಯಾಜ್ಯಗಳಿಗೆ ಮಧ್ಯಸ್ಥಿಕೆ. 1909ರಲ್ಲೇ ಅದರ ಪರೀಕ್ಷೆಯೂ ಆಯಿತು. ಲಾಬ್‌ಸ್ಟರ್ (ದೊಡ್ಡ ಸೀಗಡಿಯಂಥ ಜೀವಿ) ಹಿಡಿಯುವ ಗ್ರಿಸ್‌ಬಾಡರ್ನಾ ಎಂಬ ಕಡಲ ದಿಬ್ಬಗಳು ಯಾರವು ಎಂಬ ತಗಾದೆ ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು, ತೀರ್ಪು ಸ್ವೀಡನ್ ಪರ ಬಂತು, ನಾರ್ವೆ ಒಪ್ಪಿಕೊಂಡಿತು. ಸೋತವನು ಸುಮ್ಮನೆ ಒಪ್ಪುತ್ತಾನೆ ಎಂಬ ಭರವಸೆ ಬೆಳೆದದ್ದು ಇಂಥ ಸಣ್ಣ ಪುಟ್ಟ ತೀರ್ಪುಗಳಿಂದ. ‘ನಾರ್ಡಿಕ್ ನಾವು’ ಅದರ ಮೇಲೆ ಗಟ್ಟಿಯಾಯಿತು.

ಉತ್ತರ 2:
ಭಾಷೆ ಬೇರೆಯಾದರೂ ಆಗುತ್ತದೆ ಅನ್ನುವುದಕ್ಕೆ ಅರ್ಜೆಂಟೀನಾ–ಬ್ರೆಜಿಲ್. ಎರಡಕ್ಕೂ ಗುಟ್ಟಿನ ಅಣು ಕಾರ್ಯಕ್ರಮವಿತ್ತು. 1987ರಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಅಲ್ಫೋನ್ಸಿನ್ ತಮ್ಮ ಪಿಲ್ಕನಿಯೆವು ಯುರೇನಿಯಂ ಸಂವರ್ಧನಾ ಘಟಕವನ್ನು ಬ್ರೆಜಿಲ್ ಅಧ್ಯಕ್ಷ ಸಾರ್ನೆಗೆ ತೋರಿಸಿದರು, ಮರುವರ್ಷ ಸಾರ್ನೆ ತಮ್ಮ ಅರಮಾರ್ ಘಟಕ ತೋರಿಸಿದರು. 1991ರಲ್ಲಿ ಹುಟ್ಟಿದ ಜಂಟಿ ಸಂಸ್ಥೆಯಲ್ಲಿ ಇವರ ಘಟಕವನ್ನು ಅವರ ತಜ್ಞರು, ಅವರದನ್ನು ಇವರು ತಪಾಸಣೆ ಮಾಡುತ್ತಾರೆ. ಒಂದು ಮಾತು ಮರೆಯಬೇಡಿ: ಅಷ್ಟರಲ್ಲಿ ಎರಡೂ ಕಡೆ ಮಿಲಿಟರಿ ಆಡಳಿತ ಮುಗಿದಿತ್ತು. ‘ನಾವೂ ಅವರಂತೆ ಹೊಸ ಪ್ರಜಾಪ್ರಭುತ್ವ’ ಎಂಬ ಗುರುತು ಕೆಲಸ ಮಾಡಿದ್ದು ಅಲ್ಲಿ.

ಪ್ರಶ್ನೆ ಕೇಳಿದವರು:
ಹಾಗಾದರೆ ನೇಟೋ ಸೇನಾ ಮೈತ್ರಿಕೂಟ, ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಎರಡನ್ನೂ ಭದ್ರತಾ ಸಮುದಾಯ ಅನ್ನಬಹುದೇ?

ಉತ್ತರ 3:
ಸಾರಾಸಗಟಾಗಿ ಬೇಡ. ಮೈತ್ರಿಕೂಟಕ್ಕೆ ಹೊರಗಿನ ಶತ್ರು ಸಾಕು. ಗ್ರೀಸ್, ಟರ್ಕಿ 1952ರಲ್ಲಿ ಜೊತೆಯಾಗಿಯೇ ನೇಟೋ ಸೇರಿದವು, 1996ರಲ್ಲಿ ಜನವಸತಿಯಿಲ್ಲದ ಇಮಿಯಾ ಬಂಡೆಗಳಿಗಾಗಿ ಯುದ್ಧದ ಅಂಚಿಗೆ ಹೋದವು. ಆಸಿಯಾನ್‌ನಲ್ಲಿ ಬಲಪ್ರಯೋಗ ಬೇಡ ಎಂಬ ಒಪ್ಪಂದ 1976ರಿಂದ ಇದೆ, ಆದರೆ ಥಾಯ್ಲೆಂಡ್–ಕಾಂಬೋಡಿಯ ಜುಲೈ 2025ರಲ್ಲಿ ಐದು ದಿನ ಕಾದಾಡಿದವು. ಹಾಗಾಗಿ ಶೃಂಗಸಭೆಯ ಹೇಳಿಕೆಗಳನ್ನು ಬದಿಗಿಡಿ. ಸೇನಾ ಯೋಜನೆಯಲ್ಲಿ ನೆರೆಯವನು ಶತ್ರುವಾಗಿ ಇನ್ನೂ ಇದ್ದಾನೆಯೇ, ಗಡಿಯಲ್ಲಿ ತುಕಡಿ ಎಷ್ಟು, ತೀರ್ಪು ತನ್ನ ವಿರುದ್ಧ ಬಂದಾಗ ಸರ್ಕಾರ ಏನು ಮಾಡಿತು, ಇವನ್ನು ಜೋಡಿ ಜೋಡಿಯಾಗಿ ನೋಡಿ. ಒಂದೇ ಕೂಟದೊಳಗೆ ಕೆಲವು ಜೋಡಿ ಪಾಸಾಗುತ್ತವೆ, ಕೆಲವು ಇಲ್ಲ.