ಸಹಾಯ ಬೇಕು: ಗ್ಯೊಂಗ್‌ಜುವಿನ ಸೊಕ್ಕುರಾಮ್‌ನಿಂದ ಮುನ್ಮು ರಾಜನ ಸಮಾಧಿಗೆ ಹೇಗೆ ಹೋಗೋದು?

ದಕ್ಷಿಣ ಕೊರಿಯಾದ ಗ್ಯೊಂಗ್‌ಜು ನೋಡಿ ಬಂದವರು, ಅಲ್ಲೇ ಇರೋ ಕನ್ನಡಿಗರು ದಯವಿಟ್ಟು ತಿಳಿಸಿ. ಮನೆಮಂದಿಯೆಲ್ಲ ಹೊರಟಿದ್ದೀವಿ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಕಷ್ಟ.

ಊರೊಳಗಿನ ದೇರುಂಗ್‌ವೊನ್ ಸಮಾಧಿ ದಿಬ್ಬಗಳ ಚಿಂತೆಯಿಲ್ಲ, ದಾರಿ ಸಮತಟ್ಟು. 1973ರಲ್ಲಿ ಅಗೆದ ಚೊನ್ಮಾಚೊಂಗ್ ದಿಬ್ಬದ ಒಳಗೂ ನಡೆದೇ ಹೋಗಬಹುದು. ಬುಲ್ಗುಕ್ಸಾ ದೇವಾಲಯಕ್ಕೆ 10 ಇಲ್ಲವೇ 11ನೇ ನಂಬರ್ ಬಸ್, ಅಲ್ಲಿಂದ ಬೆಟ್ಟದ ಮೇಲಿನ ಸೊಕ್ಕುರಾಮ್ ಗುಹಾಲಯಕ್ಕೆ 12. ಬೆಟ್ಟದ ಕಾಲುದಾರಿಗಿಂತ ಈ ಬಸ್ಸೇ ವಾಸಿ. ಆದ್ರೆ ಅದು ಪಾರ್ಕಿಂಗ್ ಜಾಗದ ತನಕ ಮಾತ್ರ. ಆಮೇಲೆ ಕಾಡಿನ ಮಣ್ಣುದಾರಿಯಲ್ಲಿ ನಡಿಗೆ, ಕೊನೆಗೆ ಬುದ್ಧನ ಗುಹೆಗೆ ಮೆಟ್ಟಿಲು. ಅಷ್ಟನ್ನು ನಿಧಾನಕ್ಕೆ ಹತ್ತಿಸ್ತೀವಿ, ಆ ಬುದ್ಧನನ್ನು ಅಮ್ಮ ನೋಡ್ಲೇಬೇಕು.

ತೊಡಕಾಗಿರೋದು ಆಮೇಲೆ. ಪೂರ್ವ ಕರಾವಳಿಯಲ್ಲಿ ಸಮುದ್ರದ ಬಂಡೆಗಳ ನಡುವೆ ಇರೋ ಮುನ್ಮು ರಾಜನ ಸಮಾಧಿ, ಹತ್ತಿರದ ಗಮುನ್ಸಾ ಅನ್ನೋ ಹಳೇ ದೇವಾಲಯದ ಜಾಗದಲ್ಲಿರೋ ಜೋಡಿ ಕಲ್ಲುಗೋಪುರ ಎರಡೂ ಅದೇ ದಿನ ಆಗ್ಬೇಕು. ಅಲ್ಲಿಗೆ 150ನೇ ಬಸ್ ಇದೆ, ಆದ್ರೆ ಅದು ಊರಿಂದ ಬೊಮುನ್ ಕೆರೆ ಕಡೆಯಿಂದ ಹೋಗುತ್ತೆ, ಬಸ್ಸುಗಳೂ ಕಮ್ಮಿ. ಕೊರಿಯಾದ ಮ್ಯಾಪ್ ಆ್ಯಪ್ ನೇವರ್ ಮ್ಯಾಪ್ ಒಂದ್ಸಲ ಊರಿಗೆ ವಾಪಸ್ ಹೋಗು ಅನ್ನುತ್ತೆ, ಇನ್ನೊಂದ್ಸಲ ಬೊಮುನ್‌ನಲ್ಲೇ ಬಸ್ ಬದಲಿಸು ಅನ್ನುತ್ತೆ.

ಬುಲ್ಗುಕ್ಸಾದಿಂದ ಬಂದು ಬೊಮುನ್‌ನಲ್ಲಿ ಯಾವ ಸ್ಟಾಪಿನಲ್ಲಿ ಇಳಿದರೆ ರಸ್ತೆ ದಾಟದೆ 150 ಹಿಡಿಯಬಹುದು? ಟ್ಯಾಕ್ಸಿಯಲ್ಲಿ ಹೋದ್ರೆ, ಸಂಜೆ ಆ ಕರಾವಳಿಯಿಂದ ವಾಪಸ್ ಬರೋಕೆ ಟ್ಯಾಕ್ಸಿ ಸಿಗುತ್ತಾ, ಇಲ್ಲಾ ಅದೇ ಗಾಡಿಯನ್ನ ಕಾಯಿಸಿಕೊಳ್ಳಬೇಕಾ?