ಅಪ್‌ಡೇಟ್: ಪರದೆ ಬಾರದಿದ್ದ ಲ್ಯಾಪ್‌ಟಾಪ್ ಸರಿಯಾಯಿತು

ಪವರ್ ದೀಪ ಉರಿದು ಫ್ಯಾನ್ ತಿರುಗಿದರೂ ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ ಎಂದು ಕಳೆದ ವಾರ ನನ್ನ ಲ್ಯಾಪ್‌ಟಾಪಿನ ಬಗ್ಗೆ ಕೇಳಿದ್ದೆ. ಕಾಸರಗೋಡಿನ ಅಂಗಡಿಯೊಂದರಲ್ಲಿ ಮದರ್‌ಬೋರ್ಡನ್ನೇ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯನ್ನೇ) ಬದಲಿಸಬೇಕೆಂದಿದ್ದರು. ಮೊದಲು ರ‍್ಯಾಮ್ (ಕೆಲಸದ ಹೊತ್ತಿನ ಮಾಹಿತಿ ಹಿಡಿದಿಡುವ ಮೆಮೊರಿ ಪಟ್ಟಿ) ತೆಗೆದು ನೋಡಿ ಎಂದು ನಿಮ್ಮಲ್ಲಿ ಕೆಲವರು ಹೇಳಿದ ಮಾತೇ ನಿಜವಾಯಿತು.

ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಜೋಡಿಸಿದಾಗಲೂ ಚಿತ್ರ ಬಾರದ್ದರಿಂದ ದೋಷ ಪರದೆಯದ್ದಲ್ಲ ಎನ್ನುವುದು ಬಹುಮಟ್ಟಿಗೆ ಖಚಿತವಾಗಿತ್ತು. ಚಾರ್ಜರ್ ಕಳಚಿ, ಹಿಂಬದಿಯ ಮುಚ್ಚಳ ತೆರೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದ ಬಳಿಕವೇ ರ‍್ಯಾಮಿಗೆ ಕೈಹಾಕಿದೆ. ಎರಡು 4 ಜಿಬಿ ರ‍್ಯಾಮ್‌ಗಳಲ್ಲಿ ಒಂದರ ಚಿನ್ನದ ಬಣ್ಣದ ಅಂಚಿನ ಮೇಲೆ ಮಂಕಾದ ಕಂದು ಪದರ ಸ್ಪಷ್ಟವಾಗಿ ಕಾಣುತ್ತಿತ್ತು. ಬದಿಯಡ್ಕದ ನಮ್ಮ ಮನೆಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಪಾಟಿನೊಳಗಿನ ಪುಸ್ತಕಗಳಿಗೇ ಬೂಷ್ಟು ಹಿಡಿಯುವಾಗ ಇದರಲ್ಲಿ ಆಶ್ಚರ್ಯವೇನಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಆ ಅಂಚನ್ನು ಮೆಲ್ಲನೆ ಒರಸಿ, ಪೂರ್ತಿ ಒಣಗಿದ ಮೇಲೆ ರ‍್ಯಾಮನ್ನು ಅದರ ಜಾಗಕ್ಕೆ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಕೂತವು.

ಬ್ಯಾಟರಿ ಜೋಡಿಸಿ ಆನ್ ಮಾಡಿದಾಗ ಮೊದಲ ಸಲ ತುಸು ಹೊತ್ತು ಹಿಡಿಯಿತಾದರೂ ಪರದೆ ಬಂತು. ಆಮೇಲೆ ಒಂದೊಂದೇ ರ‍್ಯಾಮ್ ಇಟ್ಟು ವಿಂಡೋಸಿನ ಮೆಮೊರಿ ಪರೀಕ್ಷೆಯನ್ನೂ ನಡೆಸಿದೆ. ಯಾವುದರಲ್ಲೂ ದೋಷ ಕಾಣಲಿಲ್ಲ. ನಾಲ್ಕು ದಿನಗಳಿಂದ ಇದರಲ್ಲಿ ಮಗಳ ಕೆಲಸ ಅಡೆತಡೆಯಿಲ್ಲದೆ ಸಾಗುತ್ತಿದೆ. ತಾಳ್ಮೆಯಿಂದ ದಾರಿ ತೋರಿಸಿದ ಎಲ್ಲರಿಗೂ ನಾನು ಕೃತಜ್ಞ.