ಕ್ಲಾಸ್ ಫೈಲ್ ಇದ್ದರೂ ಕ್ಲಾಸ್ ಇಲ್ಲವೆನ್ನುವ ಜಾವಾ

ಪ್ರಶ್ನೆ (ದಾವಣಗೆರೆ):
ನಮಸ್ಕಾರ. ಇಲ್ಲಿನ ಎಪಿಎಂಸಿಯಲ್ಲಿ ನಮ್ಮ ತಂದೆಯವರ ಮೆಕ್ಕೆಜೋಳದ ದಲಾಲಿ ಅಂಗಡಿಯಿದ್ದು, ಅದರ ಲೆಕ್ಕಕ್ಕಾಗಿ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ‘ದರಪಟ್ಟಿ’ ಎಂಬ ಕ್ಲಾಸಿನ ಮೊದಲ ಸಾಲಿನಲ್ಲಿ ಅದರದೇ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಆಗಿ (ಇಡೀ ಕ್ಲಾಸಿಗೆ ಒಂದೇ ಇರುವಂತೆ) ಸೃಷ್ಟಿಸಿದ್ದೇನೆ. ಎರಡನೆಯ ಸಾಲಿನಲ್ಲಿ ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್ (ಹೆಸರಿಗೆ ಮೌಲ್ಯವನ್ನು ಜೋಡಿಸಿಡುವ ಪಟ್ಟಿ) ಇದೆ. ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಭಾಗ) ಆ ಮ್ಯಾಪಿಗೆ ದರಗಳನ್ನು ತುಂಬುತ್ತದೆ. ಬಿಲ್ ಬಟನ್ ಒತ್ತಿದಾಗಲೆಲ್ಲ ‘ನೋಕ್ಲಾಸ್‌ಡೆಫ್‌ಫೌಂಡ್‌ಎರರ್’ ಬರುತ್ತಿದೆ. ಜಾರ್ (ಕ್ಲಾಸ್ ಫೈಲುಗಳನ್ನು ಕಟ್ಟಿಟ್ಟ ಫೈಲ್) ಬಿಚ್ಚಿ ನೋಡಿದರೆ ಕ್ಲಾಸ್ ಫೈಲ್ ಇದ್ದೇ ಇದೆ. ಅದೇ ಕ್ಲಾಸಿನಲ್ಲಿ ಕ್ವಿಂಟಲ್‌ಗೆ 100 ಕೆ.ಜಿ. ಎಂದಿಟ್ಟಿರುವ ಸ್ಟ್ಯಾಟಿಕ್ ಫೈನಲ್ ಸಂಖ್ಯೆ ಬೇರೆ ಕ್ಲಾಸುಗಳಿಗೆ ಸರಿಯಾಗಿಯೇ ಸಿಗುತ್ತಿದೆ. ಎರಡು ದಿನಗಳಿಂದ ಕ್ಲಾಸ್‌ಪಾತ್ (ಕ್ಲಾಸ್ ಫೈಲುಗಳನ್ನು ಎಲ್ಲಿ ಹುಡುಕಬೇಕೆಂಬ ಪಟ್ಟಿ) ತಿದ್ದುತ್ತಿದ್ದೇನೆ.

ಉತ್ತರ (ಚಿತ್ರದುರ್ಗ):
ಕ್ಲಾಸ್‌ಪಾತ್ ಸರಿಯಾಗಿಯೇ ಇರಬೇಕು. ಎರರ್ ಜೊತೆಗೆ ‘ಕುಡ್ ನಾಟ್ ಇನಿಶಿಯಲೈಸ್ ಕ್ಲಾಸ್’ ಎಂದಿದ್ದರೆ, ಫೈಲ್ ಸಿಕ್ಕಿದೆ, ಆದರೆ ಇದಕ್ಕೂ ಮೊದಲು ಒಮ್ಮೆ ಇನಿಶಿಯಲೈಸೇಶನ್ (ಅದರ ಸ್ಟ್ಯಾಟಿಕ್ ಸಾಲುಗಳನ್ನು ಓಡಿಸಿ ಕ್ಲಾಸನ್ನು ಸಿದ್ಧಗೊಳಿಸುವ ಕೆಲಸ) ಮುರಿದುಬಿದ್ದಿದೆ ಎಂದರ್ಥ. ಆ ಮೊದಲ ಸಲ ಬರುವುದು ‘ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್’. ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಅದನ್ನು ಹುಡುಕಿ, ನಿಜವಾದ ಕಾರಣ ಅದರ ಕೆಳಗಿರುತ್ತದೆ. ಒಮ್ಮೆ ವಿಫಲವಾದ ಕ್ಲಾಸನ್ನು ಜೆವಿಎಂ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ) ಮತ್ತೆ ಪ್ರಯತ್ನಿಸುವುದಿಲ್ಲ.

ಪ್ರೋಗ್ರಾಂ ಶುರುವಾದ ಕೂಡಲೇ ಸ್ಟ್ಯಾಟಿಕ್ ಸಾಲುಗಳೆಲ್ಲ ಓಡುತ್ತವೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗಲ್ಲ. ಆ ಕ್ಲಾಸಿನ ಆಬ್ಜೆಕ್ಟನ್ನು ಮೊದಲ ಬಾರಿ ಸೃಷ್ಟಿಸುವಾಗ, ಇಲ್ಲವೇ ಅದರ ಸ್ಟ್ಯಾಟಿಕ್ ಮೆಥಡನ್ನು ಕರೆಯುವಾಗ, ಇಲ್ಲವೇ ಅದರ ಸ್ಟ್ಯಾಟಿಕ್ ಫೀಲ್ಡನ್ನು ಮುಟ್ಟುವಾಗ, ಮೊದಲು ತಾಯಿ ಕ್ಲಾಸನ್ನು (ಇದು ಆಧರಿಸಿರುವ ಕ್ಲಾಸನ್ನು) ಮುಗಿಸಿಕೊಂಡು, ಅನಂತರ ನೀವು ಬರೆದ ಕ್ರಮದಲ್ಲೇ ಮೇಲಿನಿಂದ ಕೆಳಗೆ ಅವು ಓಡುತ್ತವೆ. ನಿಮ್ಮ ಮೊದಲ ಸಾಲು ಕನ್‌ಸ್ಟ್ರಕ್ಟರನ್ನು ಕರೆದ ಹೊತ್ತಿಗೆ ಎರಡನೆಯ ಸಾಲು ಇನ್ನೂ ಓಡಿಲ್ಲವಾದ್ದರಿಂದ ಮ್ಯಾಪ್ ಇನ್ನೂ ನಲ್, ಅಂದರೆ ಅಲ್ಲಿ ಯಾವ ಆಬ್ಜೆಕ್ಟೂ ಇಲ್ಲ. ಅದಕ್ಕೆ ದರ ತುಂಬಲು ಹೋದರೆ ‘ನಲ್‌ಪಾಯಿಂಟರ್‌ಎಕ್ಸೆಪ್ಶನ್’ ಬರುವುದೇ. ಎರಡು ಸಾಲುಗಳನ್ನು ಅದಲುಬದಲು ಮಾಡಿ.

100 ಸಿಗುವುದಕ್ಕೆ ಕಾರಣ ಬೇರೆ. ಅದು ಕಂಪೈಲ್ ಸಮಯದಲ್ಲೇ (ಬರೆದ ಕೋಡನ್ನು ಕ್ಲಾಸ್ ಫೈಲಾಗಿಸುವಾಗಲೇ) ತಿಳಿದಿರುವ ಸ್ಥಿರಾಂಕವಾದ್ದರಿಂದ ಕಂಪೈಲರ್ ಅದನ್ನು ಬಳಸುವ ಕ್ಲಾಸಿನೊಳಗೇ ನಕಲಿಸಿಟ್ಟಿರುತ್ತದೆ; ಅದನ್ನು ಓದಿದರೆ ‘ದರಪಟ್ಟಿ’ ಎಚ್ಚರವಾಗುವುದೇ ಇಲ್ಲ. ಮುಂದೆಂದಾದರೂ ಅಂಥ ಸಂಖ್ಯೆಯನ್ನು ಬದಲಿಸಿದರೆ ಅದನ್ನು ಬಳಸುವ ಕ್ಲಾಸುಗಳನ್ನೂ ಮತ್ತೆ ಕಂಪೈಲ್ ಮಾಡಬೇಕು.

ಮರುಪ್ರಶ್ನೆ (ದಾವಣಗೆರೆ):
ಸಾಲು ಬದಲಿಸಿದೆ ಸರ್, ಬಿಲ್ ಬಂತು. ಲಾಗ್‌ನ ಮೇಲ್ಭಾಗದಲ್ಲಿ ನೀವು ಹೇಳಿದ ಎರರ್ ಕೂಡ ಸಿಕ್ಕಿತು. ತೂಕಕ್ಕೂ ಬಿಲ್ಲಿಗೂ ಪ್ರತ್ಯೇಕ ಥ್ರೆಡ್‌ಗಳಿವೆ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಕೆಲಸದ ಎಳೆಗಳು). ಎರಡೂ ಒಟ್ಟಿಗೆ ಈ ಕ್ಲಾಸನ್ನು ಮುಟ್ಟಿದರೆ ದರಗಳು ಎರಡು ಸಲ ತುಂಬಿಕೊಳ್ಳುವವೇ?

ಉತ್ತರ (ಚಿತ್ರದುರ್ಗ):
ಇಲ್ಲ. ಜೆವಿಎಂ ಲಾಕ್ ಹಿಡಿದು ಒಂದು ಥ್ರೆಡ್ಡಿಗೆ ಮಾತ್ರ ಆ ಕೆಲಸ ಒಪ್ಪಿಸುತ್ತದೆ, ಅದು ಮುಗಿಯುವವರೆಗೆ ಇನ್ನೊಂದು ಥ್ರೆಡ್ ಕಾಯುತ್ತದೆ. ಆದರೆ ‘ದರಪಟ್ಟಿ’ಯ ಸ್ಟ್ಯಾಟಿಕ್ ಸಾಲು ‘ತೂಕ’ ಕ್ಲಾಸನ್ನು, ‘ತೂಕ’ದ ಸ್ಟ್ಯಾಟಿಕ್ ಸಾಲು ‘ದರಪಟ್ಟಿ’ಯನ್ನು ಕರೆಯುವಂತೆ ಮಾತ್ರ ಬರೆಯಬೇಡಿ, ಎರಡು ಥ್ರೆಡ್‌ಗಳು ಎರಡು ತುದಿಯಿಂದ ಹೊರಟರೆ ಒಂದಕ್ಕೊಂದು ಕಾಯುತ್ತಾ ನಿಂತೇಬಿಡಬಹುದು.